ಒದ್ದೆ ಕೈಗೆ ಸಿಗದ ಜಾಡಿ

ಅವರ ಹೆಗಲ ಮೇಲೆ ಸದಾ ಒಂದು ಟೀ ಟವೆಲ್ ಇರುತ್ತಿತ್ತು. ಅದರಲ್ಲಿ ಐರ್ಲೆಂಡಿನ ನಕ್ಷೆ ಅಚ್ಚಾಗಿತ್ತು. ಒಗೆದು ಒಗೆದು ಪಶ್ಚಿಮ ಕರಾವಳಿಯೆಲ್ಲ ಅಳಿಸಿಹೋಗಿ, ಡಬ್ಲಿನ್ ಸುತ್ತಮುತ್ತ ಮಾತ್ರ ಇನ್ನೂ ಹಸಿರಾಗಿ ಉಳಿದಿತ್ತು. ಜಾಡಿಯ ಮುಚ್ಚಳಕ್ಕೆ ಕೈ ಹಾಕುವ ಮೊದಲು ಅವರು ಆ ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದರು. ಒರೆಸುವುದೆಂದರೆ ನಾವೆಲ್ಲ ಒರೆಸುವ ಹಾಗಲ್ಲ. ಮೊದಲು ಅಂಗೈ, ಆಮೇಲೆ ಬೆರಳ ಸಂದುಗಳು, ಆಮೇಲೆ ಒಂದೊಂದೇ ಉಗುರಿನ ಬುಡ. ಕೊನೆಗೆ ಕೈಯ ಹಿಂಬದಿಯನ್ನು ಕೆನ್ನೆಗೆ ಒತ್ತಿ, ತೇವ ಉಳಿದಿದೆಯೇ ಎಂದು ಪರೀಕ್ಷೆ. ಅಷ್ಟೂ ಹೊತ್ತು ಹೊಟ್ಟೆ ಹಿಡಿದುಕೊಂಡು ಬಂದವನು ಎದುರಿಗೆ ನಿಂತೇ ಇರಬೇಕು.

ಅದನ್ನು ನೋಡುವಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಈಗಲೂ ನೆನೆಸಿಕೊಂಡರೆ ಸ್ವಲ್ಪ ಉರಿಯುತ್ತದೆ.

ಅವರು ನಮ್ಮ ಪಕ್ಕದ ಮನೆಯ ಅಂಕಲ್. ಡಬ್ಲಿನ್ ಅಂಚಿನ ಲೂಕನ್ನಿನಲ್ಲಿ ನಮ್ಮಿಬ್ಬರ ಮನೆಗಳ ನಡುವೆ ಒಂದೇ ಗೋಡೆ. ಅವರು ಅತ್ತ ಕೆಮ್ಮಿದರೆ ಇತ್ತ ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಮೈಸೂರಿನವರು. ನಾವೆಲ್ಲ ವರ್ಕ್ ಪರ್ಮಿಟ್ ಹಿಡಿದು ಬರುವುದಕ್ಕೆ ಬಹಳ ಮೊದಲೇ ಕಂಪ್ಯೂಟರ್ ಜೋಡಿಸುವ ಒಂದು ಕಾರ್ಖಾನೆಗೆ ಟೆಕ್ನಿಷಿಯನ್ ಆಗಿ ಬಂದು, ಆ ಕಾರ್ಖಾನೆ ಮುಚ್ಚಿದ ಮೇಲೂ ಇಲ್ಲೇ ಉಳಿದವರು. ನಾವು ಈ ಮನೆಗೆ ಬರುವ ಹೊತ್ತಿಗೆ ಆಂಟಿ ತೀರಿಕೊಂಡಿದ್ದರು. ಮಗಳು ಡನ್‌ಡಾಕ್‌ನ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ವಾರದ ಕೊನೆಗೆ ಬಂದು ಹೋಗುತ್ತಿದ್ದರು. ಹಾಗೆಂದು ಅಂಕಲ್ ಒಂಟಿಯಾಗಿದ್ದರು ಎಂದುಕೊಳ್ಳಬೇಡಿ. ಸುತ್ತಮುತ್ತಲಿನ ಕನ್ನಡದವರಲ್ಲಿ ಯಾರ ಹೊಟ್ಟೆ ಕೆಟ್ಟರೂ ಮೊದಲು ಬಡಿಯುತ್ತಿದ್ದುದು ಅವರ ಬಾಗಿಲನ್ನೇ. ಎಷ್ಟೋ ಸಲ ತಪ್ಪಿ ನಮ್ಮ ಬಾಗಿಲನ್ನೂ ಬಡಿಯುತ್ತಿದ್ದರು. “ನಿಂಬೆಕಾಯಿ ಅಂಕಲ್ ಮನೆ ಇದೇನಾ?” ಎಂದು ಕೇಳಿದವರಿಗೆ ಪಕ್ಕಕ್ಕೆ ಕೈ ತೋರಿಸಿ ತೋರಿಸಿ ನನಗೆ ಸಾಕಾಗಿತ್ತು.

ನಾನು ಓದಿದ್ದು, ಈಗ ಕಲಿಸುವುದು ಸಂಖ್ಯಾಶಾಸ್ತ್ರ. ಡಬ್ಲಿನ್ನಿನಲ್ಲೇ ಪಿಎಚ್‌ಡಿ ಮಾಡಿದೆ. ಇದು ಗೊತ್ತಾದ ದಿನದಿಂದ ಅಂಕಲ್ ನನ್ನನ್ನು ಡಾಕ್ಟ್ರೇ ಎಂದು ಕರೆಯತೊಡಗಿದರು. ಬಂದವರಿಗೆಲ್ಲ ಪರಿಚಯವನ್ನೂ ಹಾಗೆಯೇ ಮಾಡಿಕೊಡುತ್ತಿದ್ದರು. “ಇವ್ರು ನಮ್ಮ ಪಕ್ಕದ್ಮನೆ ಡಾಕ್ಟ್ರು. ಯಾವ ಕಾಯಿಲೆಗೂ ಆಗಲ್ಲ. ಆದ್ರೆ ಎಷ್ಟು ಜನಕ್ಕೆ ಕಾಯಿಲೆ ಇದೆ ಅಂತ ಕರೆಕ್ಟಾಗಿ ಹೇಳ್ತಾರೆ.”

ಜಾಡಿಯ ವಿಷಯಕ್ಕೆ ಬರುತ್ತೇನೆ. ಇನ್‌ಸ್ಟಂಟ್ ಕಾಫಿ ಬರುವ ದೊಡ್ಡ ಗಾಜಿನ ಜಾಡಿ ಅದು. ಒಳಗೆ ಉಪ್ಪಿನಲ್ಲಿ ಹಾಕಿಟ್ಟ ನಿಂಬೆಕಾಯಿ. ಖಾರವಿಲ್ಲ, ಎಣ್ಣೆಯಿಲ್ಲ, ಒಗ್ಗರಣೆಯಿಲ್ಲ. ನಿಂಬೆಕಾಯಿ, ಕಲ್ಲುಪ್ಪು, ಒಂದಿಷ್ಟು ಓಮ. ಇಂಗೂ ಇತ್ತು ಎಂದು ನನಗೆ ಚೆನ್ನಾಗಿ ನೆನಪಿದೆ. ಇರಲೇ ಇಲ್ಲ ಎನ್ನುತ್ತಾಳೆ ನನ್ನ ಹೆಂಡತಿ. ವರ್ಷಗಟ್ಟಲೆ ಉಪ್ಪುನೀರಿನಲ್ಲಿ ಕೂತು ಆ ನಿಂಬೆಕಾಯಿಗಳು ಬೆಲ್ಲದ ಬಣ್ಣಕ್ಕೆ, ಅಲ್ಲಿಂದ ಟಾರಿನ ಬಣ್ಣಕ್ಕೆ ತಿರುಗಿದ್ದವು. ಅಜೀರ್ಣ, ಹೊಟ್ಟೆ ಉಬ್ಬರ, ಹುಳಿತೇಗು, ವಾಕರಿಕೆ, ಜ್ವರ ಬಿಟ್ಟ ಮೇಲೆ ಬಾಯಿ ರುಚಿ ಕೆಡುವುದು, ಎಲ್ಲಕ್ಕೂ ಅದರಲ್ಲಿ ಕಡಲೆಕಾಳಿನಷ್ಟು. ನಾಲಿಗೆ ಮೇಲೆ ಇಟ್ಟುಕೊಂಡು ಚೀಪಬೇಕು, ಅಗಿಯಬಾರದು, ಮೇಲೆ ಬಿಸಿನೀರು ಕುಡಿಯಬೇಕು. ಅಗಿದವರನ್ನು ಅವರು ಅಲ್ಲೇ ಬೈಯುತ್ತಿದ್ದರು.

ಆ ಜಾಡಿಯ ಬೇರು ಅವರ ತಾಯಿಯದು. ಮೊದಲ ಸಲ ಮೈಸೂರಿನಿಂದ ಹೊರಟಾಗ ತಾಯಿ ತಮ್ಮ ಜಾಡಿಯಿಂದ ನಾಲ್ಕಾರು ಕಾಯಿ ಉಪ್ಪುನೀರಿನ ಸಮೇತ ಡಬ್ಬಿಗೆ ಹಾಕಿ ಕೊಟ್ಟಿದ್ದರಂತೆ. ಜಾಡಿ ಅರ್ಧಕ್ಕೆ ಬಂದಾಗಲೆಲ್ಲ ಇಲ್ಲಿಯ ಸೂಪರ್‌ಮಾರ್ಕೆಟ್ಟಿನ ನಿಂಬೆಹಣ್ಣನ್ನು ತೊಳೆದು, ಒರೆಸಿ, ಸೀಳಿ, ಉಪ್ಪು ತುಂಬಿ ಅದರೊಳಗೇ ಸೇರಿಸುತ್ತಿದ್ದರು. ಖಾಲಿಯಾಗಲು ಬಿಡುವ ಹಾಗಿಲ್ಲ. ಇಷ್ಟು ವರ್ಷದ ಮೇಲೆ ಅಮ್ಮ ಕೊಟ್ಟ ಕಾಯಿ ಒಂದಾದರೂ ಉಳಿದಿರುವ ಸಾಧ್ಯತೆ ಎಷ್ಟು ಎಂದು ನಾನು ಒಮ್ಮೆ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆ.

“ಒಂದೂ ಇಲ್ಲ ಅಂಕಲ್. ಕಾಯಿ ಸ್ಪೇನ್‌ದು. ಉಪ್ಪು ಲೂಕನ್‌ದು. ಜಾಡಿ ಕಾಫಿದು. ಇನ್ನು ನಿಮ್ಮಮ್ಮಂದು ಅಂತ ಏನಿದೆ ಇದರಲ್ಲಿ?”

ಅವರು ಕನ್ನಡಕ ಏರಿಸಿಕೊಂಡು ಲೆಕ್ಕವನ್ನು ಪೂರ್ತಿ ಓದಿದರು. “ಲೆಕ್ಕ ಸರಿಯಾಗಿದೆ” ಎಂದರು. ಆಮೇಲೆ, “ನಿಂಗೆ ಹೊಟ್ಟೆನೋವು ಬಂದಾಗ ಈ ಕಾಗದ ಚೀಪು” ಎಂದರು.

ಜಾಡಿಗೆ ಬಿಸಿಲು ಬೇಕಿತ್ತು. ಈ ದೇಶದಲ್ಲಿ ಬಿಸಿಲು. ಮೈಸೂರಿನ ಮಹಡಿಯ ಮೇಲೆ ಒಂದು ಬೇಸಿಗೆಯಲ್ಲಿ ಮುಗಿಯುವ ಕೆಲಸ ಇಲ್ಲಿ ಮುಗಿಯುವುದೇ ಇಲ್ಲ. ಅಂಕಲ್ ಬೆಳಿಗ್ಗೆ ಜಾಡಿಯನ್ನು ಮುಂದಿನ ಕಿಟಕಿಯಲ್ಲಿ ಇಡುವರು. ಮಧ್ಯಾಹ್ನ ಹಿತ್ತಲಿನ ಶೆಡ್ಡಿನ ಮಾಡಿನ ಮೇಲೆ. ಸಂಜೆ ನಮ್ಮ ಹಿತ್ತಲಿನ ಟ್ರಾಂಪೊಲಿನ್ ಮೇಲೆ, ಏಕೆಂದರೆ ಕೊನೆಯ ಬಿಸಿಲು ಬೀಳುತ್ತಿದ್ದುದು ಅಲ್ಲಿ. ಜಾಡಿ ಇಳಿಸುವ ತನಕ ನನ್ನ ಮಗಳು ನೆಗೆಯದೆ ಕಾಯಬೇಕು. ಚಳಿಗಾಲದಲ್ಲಿ ಅವರಿಗೆ ಇನ್ನೊಂದು ಉಪಾಯ ಹೊಳೆಯಿತು. ಕಾರಿನ ಮುಂಗಾಜಿನ ಕೆಳಗೆ ಶಾಖ ನಿಲ್ಲುತ್ತದೆ. ತಮ್ಮ ಕಾರು ನಿಲ್ಲುವ ಕಡೆ ನೆರಳು ಎಂದು ನನ್ನ ಕಾರಿನಲ್ಲಿ ಇಟ್ಟರು. ನನಗೆ ಹೇಳಿದ್ದರಂತೆ. ಹೇಳಿದ್ದು ನನಗೆ ನೆನಪಿಲ್ಲ. ನಾನು ಕಾರು ಹಿಂದಕ್ಕೆ ತೆಗೆದು ರಸ್ತೆಗೆ ತಿರುಗಿಸಿದ್ದೇ ತಡ, ಡ್ಯಾಶ್‌ಬೋರ್ಡಿನ ಮೇಲಿಂದ ಜಾಡಿ ಜಾರಿ ನನ್ನ ತೊಡೆಗೆ ಬಿತ್ತು. ಒಡೆಯಲಿಲ್ಲ, ಮುಚ್ಚಳ ಮಾತ್ರ ಸಡಿಲಾಯಿತು. ಅಂದಿನ ಮೀಟಿಂಗಿನಲ್ಲಿ ನನ್ನ ಪ್ಯಾಂಟಿನಿಂದ ಓಮದ ವಾಸನೆ ಬರುತ್ತಿತ್ತು. ಉಪ್ಪುನೀರು ಬಿದ್ದ ಜಾಗ ಬೇರೆಯದೇ ಅರ್ಥ ಕೊಡುತ್ತಿತ್ತು. ಸಂಜೆ ಬಂದು ದೂರಿದರೆ ಅವರು ಕೇಳಿದ್ದು ಇಷ್ಟು: “ಪ್ಯಾಂಟು ಒಣಗಿತ್ತು ತಾನೆ? ಒದ್ದೆ ಬಟ್ಟೆ ತಾಗಿದ್ರೆ ಬೂಷ್ಟು ಬರತ್ತೆ.”

ಎದುರು ಸಾಲಿನಲ್ಲಿ ಒಬ್ಬ ಐರಿಷ್ ಅಜ್ಜಿ ಇದ್ದರು. ಮಕ್ಕಳಿಗೆ ಹೊಟ್ಟೆ ಕೆಟ್ಟರೆ ಲೆಮನೇಡನ್ನು ಚಮಚದಲ್ಲಿ ಕದಡಿ, ಗ್ಯಾಸೆಲ್ಲ ಹೋದ ಮೇಲೆ ಕುಡಿಸುವುದು ಅವರ ಮನೆಯ ಪದ್ಧತಿ. ಒಮ್ಮೆ ಅಂಕಲ್ ಅವರಿಗೆ ನಿಂಬೆಕಾಯಿ ಚೂರು ಕೊಟ್ಟರು, ಅವರು ಅಂಕಲ್‌ಗೆ ಗ್ಯಾಸು ಹೋದ ಲೆಮನೇಡ್ ಕೊಟ್ಟರು. ಅಂದಿನಿಂದ ಇಬ್ಬರೂ ಒಂದು ಪಕ್ಷ. “ನೋಡು, ಅವರದ್ದೂ ನಿಂಬೆಹಣ್ಣೇ” ಎಂದು ಅಂಕಲ್ ನನಗೆ ಸಾಕ್ಷ್ಯ ಒದಗಿಸಿದರು. ಆ ಲೆಮನೇಡಿನಲ್ಲಿ ನಿಂಬೆಹಣ್ಣು ಇರುವುದು ಬಾಟಲಿಯ ಮೇಲಿನ ಚಿತ್ರದಲ್ಲಿ ಮಾತ್ರ ಎಂದು ನಾನು ಹೇಳಿದ್ದನ್ನು ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಇವೆಲ್ಲವನ್ನೂ ಸಹಿಸಬಹುದಿತ್ತು. ಸಹಿಸಲಾಗದೆ ಹೋದದ್ದು ಅವರ ಬೆರಳಿನ ಸಿದ್ಧಾಂತ.

ಬಂದವರನ್ನು ಅವರು ಎದುರಿಗೆ ನಿಲ್ಲಿಸಿಕೊಂಡು ಟವೆಲ್ ತೆಗೆದು ಕೈ ಒರೆಸಲು ತೊಡಗುತ್ತಿದ್ದರು. “ಏನ್ ತಿಂದೆ? ಯಾವಾಗ ತಿಂದೆ? ಎಲ್ಲಿ ನೋವು, ಕೈಯಲ್ಲಿ ತೋರ್ಸು.” ಅಂಗೈಯನ್ನು ಅಗಲವಾಗಿ ಹೊಟ್ಟೆಯ ಮೇಲೆ ಆಡಿಸಿ ತೋರಿಸಿದರೆ ನಿಂಬೆಕಾಯಿ. ಒಂದೇ ಬೆರಳಿಟ್ಟು ‘ಇಲ್ಲಿ’ ಎಂದರೆ ನಿಂಬೆಕಾಯಿ ಇಲ್ಲ. “ಇದು ನಮ್ಮ ಜಾಡಿದಲ್ಲ. ಜಿಪಿ ಹತ್ರ ಹೋಗು” ಎಂದು ಟವೆಲನ್ನು ಹೆಗಲಿಗೆ ಹಾಕಿ ಬಾಗಿಲ ತನಕ ಬಿಟ್ಟು ಬರುತ್ತಿದ್ದರು. ಅಂಗೈ ಜಾಡಿಗೆ, ಬೆರಳು ಡಾಕ್ಟರಿಗೆ. ಯಾರು ಕಲಿಸಿದರು ಎಂದು ಕೇಳಿದೆ. ಅಮ್ಮ ಎಂದರು. ಅಮ್ಮನಿಗೆ ಯಾರು ಕಲಿಸಿದರು ಎಂದೆ. “ಅವಳ ಹತ್ರ ಪಿಎಚ್‌ಡಿ ಮಾಡೋಕೆ ಯಾರೂ ಬಂದಿರ್ಲಿಲ್ಲ” ಎಂದರು.

ಹೀಗೆ ವಾಪಸ್ಸು ಹೋದವರಲ್ಲಿ ಎಷ್ಟು ಜನಕ್ಕೆ ನಿಜವಾಗಿ ಡಾಕ್ಟರು ಬೇಕಿತ್ತು, ನಿಂಬೆಕಾಯಿ ಚೀಪಿದವರಲ್ಲಿ ಎಷ್ಟು ಜನ ತಾವಾಗಿಯೇ ಗುಣವಾಗುತ್ತಿದ್ದರು, ಯಾರೂ ಬರೆದಿಟ್ಟಿಲ್ಲ. ಅಜೀರ್ಣ ಬಹುಮಟ್ಟಿಗೆ ತಾನಾಗಿಯೇ ಹೋಗುವ ಕಾಯಿಲೆ. ಅದು ಹೋಗುವ ಹೊತ್ತಿಗೆ ಬಾಯಲ್ಲಿ ಏನಿದ್ದರೂ ಅದಕ್ಕೆ ಕೀರ್ತಿ. ಇದನ್ನು ನಾನು ಅವರಿಗೆ ಎಷ್ಟು ಬಗೆಯಲ್ಲಿ ವಿವರಿಸಿದ್ದೇನೋ. ಪ್ರತಿ ಸಲವೂ ಗಮನವಿಟ್ಟು ಕೇಳಿ, ಕೊನೆಗೆ “ಸರಿ, ಬಾಯಲ್ಲಿ ಏನಾದ್ರೂ ಇರ್ಲಿ ಅಂತ ತಾನೆ ನೀನೂ ಹೇಳೋದು” ಎನ್ನುತ್ತಿದ್ದರು.

ಹೀಗಿರುವಾಗ ಅವರ ಕಾಲು ಊದಿಕೊಳ್ಳತೊಡಗಿತು. ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತಿತ್ತು. ಹೃದಯ ಸೋತಿದೆ, ಇನ್ನು ಮೇಲೆ ಉಪ್ಪು ಕೂಡದು ಎಂದರು ಆಸ್ಪತ್ರೆಯಲ್ಲಿ. ಆ ಶನಿವಾರ ಅವರ ಮಗಳು ಜಾಡಿಯನ್ನು ಎದೆಗವಚಿಕೊಂಡು ನಮ್ಮ ಬಾಗಿಲಿಗೆ ಬಂದರು. ಹಿಂದೆಯೇ ಅಂಕಲ್.

“ಎಸೆದು ಬಿಡಿ ಅಂದ್ರೆ ಅಪ್ಪ ಕೇಳಲ್ಲ” ಎಂದರು ಮಗಳು. “ನಮ್ಮನೇಲಿ ಇದ್ರೆ ಕದ್ದು ತಿಂತಾರೆ. ನಿಮ್ಮ ಹತ್ರ ಇರ್ಲಿ ಸರ್, ಪ್ಲೀಸ್. ನಿಮಗೆ ಇದರ ಮೇಲೆ ಒಂಚೂರೂ ನಂಬಿಕೆ ಇಲ್ವಲ್ಲ, ಅದಕ್ಕೇ.”

“ಹೌದು” ಎಂದರು ಅಂಕಲ್ ಮಗಳ ಹಿಂದಿನಿಂದ. “ಕಳ್ಳಭಟ್ಟೀನ ಕುಡೀದೇ ಇರೋನ ಹತ್ರ ಬಚ್ಚಿಡಬೇಕು.”

ಒಪ್ಪಿಕೊಂಡದ್ದು ನನ್ನ ಹೆಂಡತಿ. ನಾನು ಬಾಯಿ ತೆರೆಯುವ ಮೊದಲೇ ಜಾಡಿ ಅವಳ ಕೈಯಲ್ಲಿತ್ತು. ಆದರೆ ಅಂಕಲ್ ಅದನ್ನು ಅವಳಿಂದ ತೆಗೆದು ನನ್ನ ಕೈಗೆ ಕೊಟ್ಟರು. ಕೊಡುವ ಮೊದಲು ನನ್ನ ಅಂಗೈ ಮುಟ್ಟಿ ನೋಡಿದರು. “ಡಾಕ್ಟ್ರು ಇವತ್ತಿಂದ ಕಾಂಪೌಂಡರ್ ಆದ್ರು” ಎಂದರು.

ಹೀಗೆ ಆ ಜಾಡಿಯಲ್ಲಿ ಎಳ್ಳಷ್ಟೂ ನಂಬಿಕೆಯಿಲ್ಲದ ನಾನು ಅದನ್ನು ಸಾಕತೊಡಗಿದೆ. ಬಾಗಿಲು ಬಡಿಯುವವರು ಈಗ ಸರಿಯಾಗಿಯೇ ನಮ್ಮ ಬಾಗಿಲನ್ನು ಬಡಿಯುತ್ತಿದ್ದರು. ಮಾಸ್ಟರ್ಸ್ ಓದುವ ಹುಡುಗರು, ಮೂರು ಊಟಕ್ಕೂ ಪೀಟ್ಸಾ ತಿಂದು ಹೊಟ್ಟೆ ಉಬ್ಬಿಸಿಕೊಂಡವರು, “ಸರ್, ಅಂಕಲ್ ಕಳಿಸಿದ್ರು” ಎಂದು ಬಂದು ನಿಲ್ಲುವರು. ಕೊಡದಿದ್ದರೆ ಅಂಕಲ್ ಬೇಲಿಯ ಆಚೆಯಿಂದ ಕೂಗುವರು. ಕೊಟ್ಟರೂ ಕೂಗುವರು. “ದೊಡ್ಡ ಚೂರು ಕೊಟ್ಟೆ. ನಿಮ್ಮಪ್ಪನ ಮನೆ ಆಸ್ತೀನಾ?” “ಕೈ ಒರೆಸ್ಕೊಳ್ದೆ ಹಾಕಿದ್ಯಲ್ಲೋ, ನಾನು ನೋಡ್ದೆ.” “ಮೋಡ ಬಂತು, ಒಳಗೆ ತಗೋ. ಏಯ್, ಇಲ್ಲ ಇಲ್ಲ, ಹೋಯ್ತು, ಹೊರಗಿಡು.” ಮನೆಯಿಂದಲೇ ಕೆಲಸ ಮಾಡುವ ದಿನ ನನ್ನ ಮೀಟಿಂಗಿನ ಸದಸ್ಯರೆಲ್ಲ ಈ ಧ್ವನಿಯನ್ನು ಕೇಳಿಸಿಕೊಂಡಿದ್ದಾರೆ. ಒಬ್ಬಾತ ಅದು ಪ್ರಾರ್ಥನೆಯೇ ಎಂದು ವಿನಯದಿಂದ ಕೇಳಿದ.

ಅಂಕಲ್‌ಗೆ ಮಾತ್ರ ಒಂದು ಚೂರೂ ಕೊಡಕೂಡದು. ಅದು ಅವರ ಮಗಳಿಗೆ ನಾನು ಕೊಟ್ಟ ಮಾತು. ಅವರೂ ಕೇಳುತ್ತಿರಲಿಲ್ಲ. ಬೇಲಿಯ ಆಚೆ ನಿಂತು, ಮುಚ್ಚಳ ತೆಗೆದಾಗ ಮೂಗನ್ನು ಸ್ವಲ್ಪ ಮುಂದಕ್ಕೆ ಚಾಚುತ್ತಿದ್ದರು, ಅಷ್ಟೆ.

ಅವರು ಕೇಳಿದ್ದು ಒಂದೇ ಸಲ. ನನ್ನ ಮಗಳ ಹುಟ್ಟುಹಬ್ಬದ ಭಾನುವಾರ. ಹೊರಗೆ ಒಂದೇ ಸಮನೆ ಮಳೆ. ನನ್ನ ಹೆಂಡತಿ ಅವರಿಗೆಂದೇ ಉಪ್ಪಿಲ್ಲದ ಬಿಸಿಬೇಳೆಬಾತನ್ನು ಬೇರೆಯಾಗಿ ಮಾಡಿದ್ದಳು. ಅದನ್ನು ಅವರು ಎರಡು ತುತ್ತು ತಿಂದು ಬಿಟ್ಟರು. ರುಚಿಯಿಲ್ಲದ್ದಕ್ಕೆ ಬಿಟ್ಟರು ಎಂದುಕೊಂಡೆವು. ಮಕ್ಕಳೆಲ್ಲ ಮುಂದಿನ ಕೋಣೆಯಲ್ಲಿ ಗಲಾಟೆ ಮಾಡುತ್ತಿದ್ದರು. ಅಂಕಲ್ ಅಡುಗೆಮನೆಗೆ ಬಂದು ನನ್ನ ಪಕ್ಕ ನಿಂತರು.

“ಒಂಚೂರು ನಿಂಬೆಕಾಯಿ ಕೊಡಯ್ಯ.”

“ಯಾರಿಗೆ?”

“ಯಾರಿಗಾದ್ರೆ ನಿಂಗೇನು. ಹೊಟ್ಟೆ ಭಾರ.”

“ಅಂಕಲ್, ನಿಮಗೆ ಕೊಡೋ ಹಾಗಿಲ್ಲ. ಗೊತ್ತಲ್ಲ.”

“ಸಾಸಿವೆಯಷ್ಟು ಕೊಡು. ಅದ್ರಲ್ಲಿ ಉಪ್ಪು ಎಷ್ಟಿರತ್ತೆ, ನೀನೇ ಲೆಕ್ಕ ಹಾಕು.”

ನನಗೆ ಸಿಟ್ಟು ಬಂತು. ಇಷ್ಟು ದಿನ ಅವರ ಪ್ರಶ್ನೆಗಳನ್ನು ಕೇಳಿ ಕೇಳಿ ಬೇಸತ್ತಿದ್ದೆ. ಅವನ್ನೇ ಅವರಿಗೆ ವಾಪಸ್ಸು ಎಸೆದೆ. “ಎಲ್ಲಿ ನೋವು? ಕೈಯಲ್ಲಿ ತೋರ್ಸಿ.”

ಅವರು ಕೈ ಎತ್ತಿದರು. ತೋರುಬೆರಳು ಎದೆಗೂಡಿನ ಕೆಳಗೆ, ಹೊಟ್ಟೆ ಶುರುವಾಗುವ ಜಾಗದಲ್ಲಿ ಒಂದು ಕಡೆ ನಿಂತಿತು. ಆಮೇಲೆ ನನ್ನ ಮುಖ ನೋಡಿದರು. ಉಳಿದ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಅಂಗೈಯನ್ನು ಹೊಟ್ಟೆಯ ಮೇಲೆ ಅಗಲವಾಗಿ ಆಡಿಸಿದರು.

“ಇಲ್ಲೆಲ್ಲ” ಎಂದರು.

ಇದು ನನಗೆ ನೆನಪಿರುವ ರೀತಿ. ಈ ನೆನಪನ್ನು ನಾನು ಎಷ್ಟು ಸಲ ಹೊರತೆಗೆದು ನೋಡಿದ್ದೇನೆಂದರೆ, ಈಗ ಅದರ ಮೇಲೆ ನನ್ನ ಬೆರಳ ಗುರುತುಗಳೇ ಹೆಚ್ಚು. ಬಾಗಿಲ ಬಳಿ ನಿಂತಿದ್ದ ನನ್ನ ಹೆಂಡತಿಯ ಪ್ರಕಾರ ಬೆರಳೂ ಇಲ್ಲ ಗಿರಳೂ ಇಲ್ಲ. ಅವರು ಮೊದಲಿನಿಂದಲೂ ಅಂಗೈಯನ್ನೇ ಇಟ್ಟುಕೊಂಡಿದ್ದರು, ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು, ಯಾರು ನೋಡಿದರೂ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು.

ಹೇಗೇ ಇರಲಿ, ನಾನು ಕಾರಿನ ಕೀಲಿ ತೆಗೆದುಕೊಂಡೆ. ಆಂಬುಲೆನ್ಸಿಗೆ ಫೋನು ಮಾಡಬೇಕಿತ್ತು ಎಂದು ಆಮೇಲೆ ಎಲ್ಲರೂ ಹೇಳಿದರು. ಅವರು ಅದಕ್ಕೆ ಹತ್ತುತ್ತಿರಲಿಲ್ಲ. ಕಾರಿಗೂ ಹತ್ತಿಸಬೇಕಾದರೆ ಸಾಕುಬೇಕಾಯಿತು.

“ಒಂದು ಚೂರು ನಿಂಬೆಕಾಯಿ ಕೊಡೋಕೆ ಇಷ್ಟು ದೂರ ಕರ್ಕೊಂಡು ಹೋಗ್ತಾರೇನಯ್ಯ?”

“ಸುಮ್ನೆ ಕೂತ್ಕೊಳಿ ಅಂಕಲ್.”

“ಮಗು ಹುಟ್ಟಿದಬ್ಬ ಬಿಟ್ಟು ಬಂದ್ಯಲ್ಲೋ. ಕೇಕ್ ಕಟ್ ಮಾಡಿಲ್ಲ ಇನ್ನೂ.”

“ಮಾಡ್ತಾಳೆ. ನೀವು ಮಾತಾಡ್ಬೇಡಿ.”

ಅವರು ಸೀಟಿಗೆ ಒರಗಿದರು. ವೈಪರ್ ಆಡುವುದನ್ನೇ ನೋಡುತ್ತಿದ್ದರು. ಹಣೆಯ ಮೇಲೆ ಬೆವರು. “ಜಾಡಿ ಹೊರಗಿಲ್ಲ ತಾನೆ?” ಎಂದು ಕೇಳಿದರು. ಅದು ಒಳಗೇ ಇತ್ತು. ಆದರೂ ಅಷ್ಟು ಹೊತ್ತಿಗೆ ನನಗೆ ಅದೂ ಖಾತ್ರಿಯಿರಲಿಲ್ಲ.

ಎಮರ್ಜೆನ್ಸಿಯಲ್ಲಿ ನಮ್ಮನ್ನು ಮೊದಲು ನೋಡಿದ್ದು ಕೇರಳದ ಒಬ್ಬ ನರ್ಸ್. ನೋವು ಎಲ್ಲಿ ಅಂಕಲ್ ಎಂದು ಇಂಗ್ಲಿಷಿನಲ್ಲಿ ಕೇಳಿದರು.

“ಐ ಆಮ್ ಗ್ರ್ಯಾಂಡ್” ಎಂದು, ಚೆನ್ನಾಗಿದ್ದೇನೆ ಎನ್ನಲು ಇಲ್ಲಿಯವರು ಬಳಸುವ ಮಾತನ್ನೇ ಹೇಳಿ, ಅಂಕಲ್ ಅಂಗೈಯನ್ನು ಹೊಟ್ಟೆಯ ಮೇಲೆಲ್ಲ ಸವರಿದರು.

“ಸುಳ್ಳು ಹೇಳ್ತಿದ್ದಾರೆ. ಮನೇಲಿ ಒಂದೇ ಬೆರಳಲ್ಲಿ ತೋರ್ಸಿದ್ರು” ಎಂದು ನಾನು ಕನ್ನಡದಲ್ಲೇ ಶುರುಮಾಡಿ, ಆಮೇಲೆ ಇಂಗ್ಲಿಷಿಗೆ ತಿರುಗಿ ನಿಂಬೆಕಾಯಿಯ ವಿಷಯವನ್ನೂ ಹೇಳಿದೆ.

“ಯಾವಾಗ ತೋರ್ಸಿದ್ನೋ? ಅಂಗೈ ತೋರ್ಸಿದ್ದು ನಾನು.”

“ಮೊದ್ಲು ಬೆರಳು. ಆಮೇಲೆ ಅಂಗೈ.”

“ನಿಂಗೆ ನಿಂಬೆಕಾಯಿ ಕೊಡೋಕೆ ಜಿಪುಣತನ. ಅದಕ್ಕೆ ಬೆರಳು ಅಂತೀಯ.”

ಗೋಡೆಯ ಪಕ್ಕ ಕುರ್ಚಿಗಳಲ್ಲಿ ಕುಳಿತಿದ್ದವರೆಲ್ಲ ನಮ್ಮ ಕೈಗಳನ್ನು ನೋಡುತ್ತಿದ್ದರು. ನಾನು ಒಂದು ಬೆರಳು ಎತ್ತಿ ತೋರಿಸುತ್ತಿದ್ದೆ, ಅವರು ಐದನ್ನೂ ಅಗಲಿಸಿ ತೋರಿಸುತ್ತಿದ್ದರು. ನರ್ಸ್ ಮಾತ್ರ ನಗುತ್ತ, ಯಾವ ನಿಂಬೆಕಾಯಿ ಎಂದು ಅವರನ್ನು ವಿಚಾರಿಸಿದರು. ಉಪ್ಪಿನಲ್ಲಿ ಹಾಕಿದ್ದೇ, ನಮ್ಮ ಅಜ್ಜಿಯ ಮನೆಯಲ್ಲೂ ಒಂದು ಭರಣಿ ಇತ್ತು, ಎಷ್ಟು ವರ್ಷದ್ದು ನಿಮ್ಮದು ಎಂದರು. ಅಂಕಲ್ ಮುಖ ಅರಳಿತು. ಓಮದ ಪ್ರಮಾಣ ಹೇಳತೊಡಗಿದರು. ಇಂಥ ಹೊತ್ತಿನಲ್ಲಿ ಈಕೆಯೂ ಇವರ ಪಕ್ಷ ಸೇರಿದಳಲ್ಲ ಎಂದು ನಾನು ಹಲ್ಲು ಕಡಿಯುತ್ತಿದ್ದೆ. ಅವರ ಮಾತು ಮುಗಿಯುವಷ್ಟರಲ್ಲಿ ಅಂಗಿಯ ಗುಂಡಿಗಳು ಬಿಚ್ಚಿದ್ದವು, ಎದೆಯ ಮೇಲೆಲ್ಲ ಇಸಿಜಿ ತಂತಿಗಳು ಅಂಟಿದ್ದವು, ಆಕೆಯ ಕಣ್ಣು ಅವರ ಮುಖದಿಂದ ಒಮ್ಮೆಯೂ ಕದಲಿರಲಿಲ್ಲ. ಕಾಗದ ಹೊರಬಂದ ಮೇಲೆ ಮಾತ್ರ ಅದರ ಕಡೆ ನೋಡಿದರು. ಆಮೇಲೆ ನಗಲಿಲ್ಲ. ಯಾರನ್ನೋ ಕರೆದರು.

ಹೊಟ್ಟೆಯದಲ್ಲ, ಹೃದಯದ್ದು. ಸರಿಯಾದ ಸಮಯಕ್ಕೆ ಕರೆತಂದಿರಿ ಎಂದರು ಡಾಕ್ಟರು.

ಆಪರೇಷನ್ ಆಗಿ ಅವರು ವಾರ್ಡಿಗೆ ಬಂದ ಮೇಲೆ ನಾನು ತರುಣಿ ಡಾಕ್ಟರೊಬ್ಬರಿಗೆ ಬೆರಳಿನ ಸಿದ್ಧಾಂತವನ್ನು ವಿವರಿಸಿದೆ. ಏಕೆ ವಿವರಿಸಿದೆನೋ. ಬಹುಶಃ ಅದು ಸರಿ ಎಂದು ಯಾರಾದರೂ ಬಿಳಿ ಕೋಟಿನವರು ಹೇಳಲಿ ಎಂಬ ಆಸೆ ಇತ್ತು. ಅವರು ತಾಳ್ಮೆಯಿಂದ ಕೇಳಿಸಿಕೊಂಡು, ಹೃದಯದ ನೋವಿನವರು ಸಾಮಾನ್ಯವಾಗಿ ಅಂಗೈಯನ್ನೋ ಮುಷ್ಟಿಯನ್ನೋ ಇಟ್ಟು ತೋರಿಸುತ್ತಾರೆ, ಆದರೆ ಕೈಯೊಂದನ್ನೇ ನಂಬಿ ಏನನ್ನೂ ತೀರ್ಮಾನಿಸಲು ಬರುವುದಿಲ್ಲ ಎಂದರು.

ಹಾಸಿಗೆಯಲ್ಲಿ ಮಲಗಿದ್ದ ಅಂಕಲ್‌ಗೆ ಅರ್ಧ ಮಾತ್ರ ಕೇಳಿಸಿತು. “ಅಂಗೈ ಅಂದ್ರು ನೋಡು. ನಾನು ಅಂಗೈನೇ ತೋರ್ಸಿದ್ದು.”

“ಹಾಗಾದ್ರೆ ನಿಮ್ಮ ರೂಲ್ ಪ್ರಕಾರ ನಾನು ನಿಂಬೆಕಾಯಿ ಕೊಟ್ಟು ಮನೇಲೇ ಕೂರಿಸ್ಬೇಕಿತ್ತು.”

“ಕೊಡ್ಬೇಕಿತ್ತು” ಎಂದರು ಕಣ್ಣು ಮುಚ್ಚಿಕೊಂಡು. “ಕೊಡ್ಲಿಲ್ಲ. ಜಿಪುಣ.”

ಅಂದಿನಿಂದ ಇಂದಿನವರೆಗೆ ನನಗೆ ಇದು ಬಗೆಹರಿದಿಲ್ಲ. ಬೆರಳು ಕಂಡದ್ದರಿಂದ ಕರೆದೊಯ್ದೆ ಎಂದಾದರೆ ತಪ್ಪು ನಿಯಮ ಅವರನ್ನು ಉಳಿಸಿತು. ಅಂಗೈಯೇ ಆಗಿದ್ದರೆ ನಾನು ಯಾವ ನಿಯಮದ ಮೇಲೂ ಹೊರಟಿರಲಿಲ್ಲ. ಉಪ್ಪು ಕೊಡಲು ಹೆದರಿ, ಸಿಟ್ಟಿನಲ್ಲಿ, ಅವರ ಜೊತೆ ವಾದಿಸಿ ಗೆಲ್ಲಬೇಕೆಂಬ ಹಟದಲ್ಲಿ ಹೊರಟೆ ಎಂದಾಗುತ್ತದೆ. ಪ್ರಯೋಗ ಒಂದೇ ಸಲ ನಡೆಯಿತು, ಸಾಕ್ಷಿಗಳು ಮೂವರು, ನನ್ನ ಹೇಳಿಕೆಗೂ ಉಳಿದಿಬ್ಬರ ಹೇಳಿಕೆಗೂ ತಾಳೆಯಿಲ್ಲ. ನನ್ನ ವಿದ್ಯಾರ್ಥಿಯೊಬ್ಬ ಇಂಥದ್ದನ್ನು ಬರೆದು ತಂದಿದ್ದರೆ ಹಿಂದಕ್ಕೆ ಕಳಿಸುತ್ತಿದ್ದೆ.

ಆಸ್ಪತ್ರೆಯಿಂದ ಅವರು ಮಗಳ ಮನೆಗೇ ಹೋದರು. ಲೂಕನ್ನಿನ ಮನೆಗೆ ಬಾಡಿಗೆಯವರು ಬಂದರು. ಗೋಡೆಯ ಆಚೆಯ ಕೆಮ್ಮು ನಿಂತಿತು. ಇನ್ನಾದರೂ ನೆಮ್ಮದಿ ಎಂದುಕೊಂಡೆ. ಡನ್‌ಡಾಕ್‌ನಿಂದ ಫೋನು ಶುರುವಾಯಿತು.

“ಬಿಸಿಲು ಬಂತಾ ಅಲ್ಲಿ?”

“ಇಲ್ಲ ಅಂಕಲ್.”

“ಇಲ್ಲಿ ಬಂದಿದೆ. ಇನ್ನೇನು ಅಲ್ಲಿಗೂ ಬರತ್ತೆ. ರೆಡಿ ಇರು.”

“ಹವೆ ಬರೋದು ಪಶ್ಚಿಮದಿಂದ ಅಂಕಲ್. ಡನ್‌ಡಾಕ್ ಇರೋದು ಉತ್ತರಕ್ಕೆ.”

“ವಾದ ಮಾಡ್ತಾ ಕೂತ್ಕೊ. ಬಿಸಿಲು ಹೋಗತ್ತೆ.”

ನಾನು ಜಾಡಿ ಹಿಡಿದು ಶೆಡ್ಡಿನ ಬಳಿ ನಿಲ್ಲುತ್ತಿದ್ದೆ. ಕೆಲವು ಸಲ ಬಿಸಿಲು ಬರುತ್ತಿತ್ತು. ಹಲವು ಸಲ ಬರುತ್ತಿರಲಿಲ್ಲ. ಬಂದದ್ದು ಮಾತ್ರ ನೆನಪಿನಲ್ಲಿ ಉಳಿಯುತ್ತದೆ ಎಂದು ನನಗೆ ಗೊತ್ತು. ಇದೇ ನನ್ನ ವೃತ್ತಿ.

ಆಮೇಲೆ ಸುಮಾರು ಎರಡು ವರ್ಷ ಇದ್ದರು. ಒಂದು ಮಧ್ಯಾಹ್ನ ಊಟವಾದ ಮೇಲೆ ಸೋಫಾದಲ್ಲಿ ಒರಗಿದವರು ಏಳಲಿಲ್ಲ. ದಹನಕ್ಕೆ ಬಂದವರಲ್ಲಿ ಅರ್ಧದಷ್ಟು ಜನ ಒಂದಲ್ಲ ಒಂದು ದಿನ ಅವರ ಎದುರು ಹೊಟ್ಟೆ ಹಿಡಿದುಕೊಂಡು ನಿಂತವರು. ಎದುರು ಸಾಲಿನ ಐರಿಷ್ ಅಜ್ಜಿಯೂ ಬಂದಿದ್ದರು. ಜಾಡಿಯನ್ನು ಮಗಳಿಗೆ ಹಿಂದಿರುಗಿಸಬೇಕೆಂದು ನಾನು ಕಾರಿನಲ್ಲಿ, ಈ ಸಲ ಸೀಟ್ ಬೆಲ್ಟ್ ಹಾಕಿ, ತಂದಿದ್ದೆ.

“ಬೇಡ ಸರ್. ನೀವೇ ಇಟ್ಕೊಳಿ” ಎಂದರು ಮಗಳು, ದಹನ ಮುಗಿದು ಅವರ ಮನೆಗೆ ಬಂದ ಮೇಲೆ. “ನನ್ನ ಕೈ ಯಾವಾಗ್ಲೂ ಒದ್ದೆ. ಅಪ್ಪ ಹೇಳ್ತಾನೇ ಇದ್ರು.” ಒಳಗೆ ಹೋಗಿ ಆ ಟವೆಲನ್ನು ತಂದುಕೊಟ್ಟರು. ಒಗೆದು ಇಸ್ತ್ರಿ ಮಾಡಿದ್ದರು. ಈಗ ಡಬ್ಲಿನ್ ಕೂಡ ಮಾಸಿತ್ತು.

ಜಾಡಿ ನಮ್ಮ ಕಿಟಕಿಯಲ್ಲಿದೆ. ಅದು ಉಪ್ಪು ಮತ್ತು ಹುಳಿ, ಹೆಚ್ಚೇನೂ ಅಲ್ಲ ಎಂಬ ನನ್ನ ಅಭಿಪ್ರಾಯದಲ್ಲಿ ಬದಲಾವಣೆಯಿಲ್ಲ. ಅರ್ಧಕ್ಕೆ ಬಂದಾಗ ನಿಂಬೆಹಣ್ಣು ತರುತ್ತೇನೆ. ಇಂಗು ಹಾಕುತ್ತೇನೆ, ಹೆಂಡತಿ ನೋಡದಿದ್ದಾಗ.

ಮೊನ್ನೆ ಶಾಲೆಗೆ ಹೊರಡುವ ಹೊತ್ತಿಗೆ ಮಗಳು ಯೂನಿಫಾರ್ಮಿನಲ್ಲಿ ಅಡುಗೆಮನೆಗೆ ಬಂದು ನಿಂತಳು. ಹೊಟ್ಟೆನೋವಂತೆ. ಎಲ್ಲಿ, ತೋರಿಸು ಎಂದೆ. ಅಂಗೈಯನ್ನು ಅಗಲವಾಗಿ ಹೊಟ್ಟೆಯ ಮೇಲೆ ಇಟ್ಟಳು. ಈ ಮನೆಯಲ್ಲಿ ಬೆಳೆದವಳು. ಯಾವ ಕೈಗೆ ಏನು ಸಿಗುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತು. ಆ ಕೈಯನ್ನು ನಾನು ನಂಬಲಿಲ್ಲ. ಕೈ ಸುಳ್ಳು ಹೇಳಬಲ್ಲದು ಎಂಬುದನ್ನು ಕಲಿಸಿದವರೇ ಅಂಕಲ್. ಹೆಗಲಿನಿಂದ ಟವೆಲ್ ತೆಗೆದೆ. ಅಂಗೈ, ಬೆರಳ ಸಂದುಗಳು, ಉಗುರಿನ ಬುಡ. ಒರೆಸುತ್ತ ಅವಳ ಮುಖ ನೋಡಿದೆ. ತುಟಿಯ ಬಣ್ಣ ನೋಡಿದೆ, ಹಣೆ ನೋಡಿದೆ, ನಿಂತ ಭಂಗಿ ನೋಡಿದೆ. ಅಂಕಲ್ ಕೂಡ ಅಷ್ಟು ಹೊತ್ತು ಇದನ್ನೇ ಮಾಡುತ್ತಿದ್ದಿರಬೇಕು ಎಂದು ಥಟ್ಟನೆ ಅನಿಸಿತು. ಬೆರಳು, ಅಂಗೈ ಎಲ್ಲ ಬಂದವನನ್ನು ಬೆಳಕಿನಲ್ಲಿ ನಿಲ್ಲಿಸಿಕೊಳ್ಳಲು ಒಂದು ನೆಪ. ಅಥವಾ ಅವರು ಬರೀ ಕೈ ಒರೆಸುತ್ತಿದ್ದರೋ ಏನೋ. ಕೇಳೋಣವೆಂದರೆ ಫೋನು ಬರುವುದಿಲ್ಲ.

“ಡ್ಯಾಡಿ, ವಾಟ್ ಆರ್ ಯು ಲುಕಿಂಗ್ ಅಟ್?” ಎಂದಳು ಮಗಳು, ಅವಳ ಲೂಕನ್ ಧಾಟಿಯಲ್ಲಿ.

“ಏನಿಲ್ಲ. ಕೈ ಒರೆಸ್ತಾ ಇದ್ದೀನಿ” ಎಂದೆ.